ಸಣ್ಣ ಉರಿಯ ದೊಡ್ಡ ದೇಗ್

ಬೆಂಗಳೂರಿನ ಶಿವಾಜಿನಗರದಲ್ಲಿ ಬೆಳಗಿನ ಐದೂವರೆಗೆ ಎದ್ದಿರುವವರು ಕಡಿಮೆಯೇನಲ್ಲ. ಫಜರ್ ನಮಾಜು ಮುಗಿಸಿ ಮಸೀದಿಯಿಂದ ಹೊರಬರುವವರು, ರಸೆಲ್ ಮಾರುಕಟ್ಟೆಗೆ ಹೂವು ಹಣ್ಣು ಮೀನು ಇಳಿಸುವ ಹಮಾಲರು, ಮೊದಲ ಟ್ರಿಪ್ಪಿಗೆ ಬಸ್ಸು ತೆಗೆಯಲು ಬಂದ ಚಾಲಕರು, ರಾತ್ರಿಯೆಲ್ಲ ಓಡಿಸಿ ಕಣ್ಣು ಕೆಂಪಾದ ಆಟೊದವರು, ಬೌರಿಂಗ್ ಆಸ್ಪತ್ರೆಯಲ್ಲಿ ರೋಗಿಯ ಮಂಚದ ಪಕ್ಕ ಕೂತೇ ಬೆಳಗು ಮಾಡಿದವರು. ಇವರಲ್ಲಿ ಬಹಳ ಮಂದಿ ಮನೆಗೆ ಹೋಗುವ ಮೊದಲು, ಅಥವಾ ಕೆಲಸಕ್ಕೆ ಇಳಿಯುವ ಮೊದಲು, ಒಂದು ಬಟ್ಟಲು ಪಾಯಾ, ಅಂದರೆ ಕುರಿ ಮೇಕೆಯ ಕಾಲಿನ ಸೂಪು, ಕುಡಿಯುತ್ತಾರೆ. ಒಣಗಿದ ಗಂಟಲಿಗೆ ಹಿತ, ಹೊಟ್ಟೆಗೆ ಆಧಾರ, ಕೈಗೆ ಬಟ್ಟಲಿನ ಕಾವು. ಚಳಿಯ ಬೆಳಗಿನಲ್ಲಿ ಇದಕ್ಕಿಂತ ಮೇಲಾದ ಉಪಚಾರ ಈ ಊರಿನಲ್ಲಿ ಇಷ್ಟು ಕಡಿಮೆ ದುಡ್ಡಿಗೆ ಸಿಗುವುದಿಲ್ಲ ಎಂದೇ ನನ್ನ ನಂಬಿಕೆ.

ಪಾಯಾದ ರುಚಿಯ ಬಗ್ಗೆ ಬರೆದವರು ಬೇಕಾದಷ್ಟಿದ್ದಾರೆ. ನನಗೆ ಇವತ್ತು ಬರೆಯಬೇಕೆನಿಸಿದ್ದು ಅದು ಬೇಯುವ ಪಾತ್ರೆಯ ಬಗ್ಗೆ.

ಅಂಗಡಿಯ ಬಾಗಿಲಲ್ಲೇ, ಇಟ್ಟಿಗೆ ಕಟ್ಟಿ ಮಣ್ಣು ಮೆತ್ತಿದ ಭಟ್ಟಿಯ ಮೇಲೆ ಅದು ಕೂತಿರುತ್ತದೆ. ಶಿವಾಜಿನಗರದ ಬಾಯಲ್ಲಿ ಅದು ದೇಗ್. ಹಲಸೂರು, ಕೆ.ಆರ್. ಪುರದ ಶಾಮಿಯಾನ ಅಂಗಡಿಗಳಲ್ಲಿ ಮದುವೆಗೆಂದು ಬಾಡಿಗೆ ಕೇಳುವಾಗ ಹಂಡೆ, ಡೇಕ್ಸಾ, ಕೊಪ್ಪರಿಗೆ ಎಂದು ರೂಢಿಗೆ ತಕ್ಕಂತೆ ಹೆಸರು ಬದಲಾಗುತ್ತದೆ. ತಳ ದುಂಡು, ಹೊಟ್ಟೆ ಅಗಲ, ಕುತ್ತಿಗೆ ಕಿರಿದು. ತುಂಬಿದ ಮೇಲೆ ಎತ್ತಲು ಇಬ್ಬರಿಗೂ ಕಷ್ಟ. ಹೊರಮೈ ವರ್ಷಗಟ್ಟಲೆ ಮಸಿ ಕುಡಿದು ಕರ್ರಗಾಗಿದೆ, ಒಳಗೆ ಕಲಾಯಿಯ ಬಿಳುಪು. ಈ ಆಕಾರವನ್ನು ಚೆಂದಕ್ಕೆಂದು ಮಾಡಿದ್ದಲ್ಲ. ಕುತ್ತಿಗೆ ಕಿರಿದಾದಷ್ಟೂ ಹಬೆ ಹೊರಗೆ ಹೋಗುವುದು ಕಡಿಮೆ. ಮೇಲೆದ್ದ ಹಬೆ ಮುಚ್ಚಳಕ್ಕೆ ತಾಗಿ ನೀರಾಗಿ ಮತ್ತೆ ಒಳಕ್ಕೇ ಬೀಳುತ್ತದೆ. ತಳಕ್ಕೆ ಮೂಲೆಯೇ ಇಲ್ಲದ ಕಾರಣ ಸೌಟು ಹೋಗದ ಜಾಗ ಇಲ್ಲ, ಹಾಗಾಗಿ ಅಡಿ ಹಿಡಿಯುವುದೂ ಕಡಿಮೆ. ಯುರೋಪಿನ ಹೋಟೆಲುಗಳ ಸ್ಟಾಕ್ ಪಾತ್ರೆ ನೆಟ್ಟಗೆ, ಎತ್ತರಕ್ಕೆ, ಕೊಳವೆಯಂತೆ ಇರುತ್ತದೆ. ಅದೂ ಆವಿಯಾಗುವ ಬಾಯನ್ನು ಸಣ್ಣದು ಮಾಡುವ ಉಪಾಯವೇ. ನಮ್ಮ ಕಂಚುಗಾರರು ಅದೇ ಕೆಲಸವನ್ನು ದುಂಡು ಹೊಟ್ಟೆ, ಸಣ್ಣ ಕುತ್ತಿಗೆಯಿಂದ ಸಾಧಿಸಿದರು.

ದೇಗಿಗೆ ಇಳಿಯುವ ಮುಂಚಿನ ಕೆಲಸ ಕಷ್ಟದ್ದು. ಕುರಿ, ಮೇಕೆಯ ತಲೆಕಾಲು ಸುಡುವವರು ಮಾರುಕಟ್ಟೆಯ ಆಸುಪಾಸಿನಲ್ಲಿ ಬೆಂಕಿಯ ಮುಂದೆ ಕೂತಿರುತ್ತಾರೆ. ಒಂದೊಂದೇ ಕಾಲನ್ನು ಉರಿಗೆ ಹಿಡಿದು, ಕೂದಲು ಸುಟ್ಟು, ಕಂದಿದ ಚರ್ಮವನ್ನು ಚೂರಿಯಿಂದ ಹೆರೆದು, ಗೊರಸು ಕಿತ್ತು, ಕೀಲಿನಲ್ಲಿ ಸರಿಯಾಗಿ ಏಟು ಹಾಕಿ ತುಂಡು ಮಾಡುತ್ತಾರೆ. ಹೆರೆಯುವುದರಲ್ಲಿ ಅಜಾಗರೂಕತೆಯಾದರೆ ಇಡೀ ದೇಗಿಗೇ ಸುಟ್ಟ ಕೂದಲಿನ ವಾಸನೆ ಹಿಡಿಯುತ್ತದೆ. ಚರ್ಮ ಪೂರ್ತಿ ಹೋಗುವಂತೆ ಹೆರೆದರೆ ಸಾರಿಗೆ ಜಿಗುಟು ಬರುವುದಿಲ್ಲ. ಅವರ ಕಣ್ಣು ದಿನವಿಡೀ ಹೊಗೆಯಲ್ಲಿ, ಕೈ ಬೂದಿ ಮತ್ತು ಕೊಬ್ಬಿನಲ್ಲಿ. ಸೂಪಿನ ರುಚಿಯನ್ನು ಹೊಗಳುವ ಮಾತಿನಲ್ಲಿ ಇವರ ಹೆಸರು ಎಲ್ಲೂ ಬರುವುದಿಲ್ಲ. ಅರ್ಧ ಅಡುಗೆ ಮಾಡಿ ಕಳಿಸುವವರು ಮಾತ್ರ ಅವರೇ.

ಹಿಂದಿನ ಸಂಜೆ ತಣ್ಣೀರಿನಲ್ಲಿ ಕಾಲು ಹಾಕಿ ಒಲೆ ಹಚ್ಚುತ್ತಾರೆ. ಕುದಿಯುವ ನೀರಿಗೆ ಹಾಕುವ ರೂಢಿ ಇಲ್ಲ, ಅದಕ್ಕೂ ಕಾರಣವಿದೆ. ನೀರು ಮೆಲ್ಲಗೆ ಬಿಸಿಯಾಗುತ್ತಾ ಬಂದಂತೆ ಮಾಂಸದ ರಸದಲ್ಲಿರುವ ಪ್ರೋಟೀನು ಗಟ್ಟಿಯಾಗಿ, ಬೂದುಬಣ್ಣದ ನೊರೆಯಾಗಿ ಮೇಲಕ್ಕೆ ಬರುತ್ತದೆ. ಆಗ ಜಾಲರಿ ಸೌಟಿನಿಂದ ಅದನ್ನು ತೆಗೆಯಬಹುದು. ಒಮ್ಮೆಗೇ ಕುದಿ ಬಂದರೆ ನೊರೆ ಒಡೆದು ಸಾರಿನಲ್ಲೇ ಬೆರೆತು ಕದಡಿಹೋಗುತ್ತದೆ. ಅದಾದ ಮೇಲೆ ಹಸಿಶುಂಠಿ, ಬೆಳ್ಳುಳ್ಳಿ, ಅರಿಶಿನ, ಮೆಣಸು, ಬಟ್ಟೆಯ ಗಂಟಿನಲ್ಲಿ ಕಟ್ಟಿದ ಚಕ್ಕೆ ಲವಂಗ ಇಳಿಯುತ್ತವೆ. ನಂತರ ಉರಿ ತೆಗೆದು ಕೆಂಡದ ಮೇಲೆ ಬಿಡುತ್ತಾರೆ. ಅಲ್ಲಿಂದ ಮುಂದೆ ಅದು ಹೊತ್ತಿನ ಕೆಲಸ.

ಹೊತ್ತು ಯಾಕೆ ಬೇಕು? ಕಾಲಿನಲ್ಲಿ ಮಾಂಸ ಎನ್ನುವುದು ಹೆಸರಿಗಷ್ಟೇ. ಇರುವುದೆಲ್ಲ ಮೂಳೆ, ಚರ್ಮ, ಕೀಲು, ಕೀಲನ್ನು ಹಿಡಿದಿರುವ ನಾರು. ಇವುಗಳ ಬಿಗಿಯೆಲ್ಲ ಕೊಲಾಜೆನ್ ಎಂಬ ಪ್ರೋಟೀನಿನದ್ದು. ಹಗ್ಗದ ಹುರಿಯಂತೆ ಮೂರು ಎಳೆ ಹೆಣೆದುಕೊಂಡ ಈ ಕೊಲಾಜೆನ್ ತೇವದ ಶಾಖದಲ್ಲಿ ಗಂಟೆಗಟ್ಟಲೆ ಇದ್ದರೆ ಮಾತ್ರ ಎಳೆ ಬಿಚ್ಚಿಕೊಂಡು ಜೆಲಟಿನ್ ಆಗಿ ನೀರಿಗಿಳಿಯುತ್ತದೆ. ಪಾಯಾ ಕುಡಿದ ಮೇಲೆ ತುಟಿ ತುಟಿಗೆ ಅಂಟುವುದು ಅದರಿಂದಲೇ. ಇದಕ್ಕೆ ಭೋರ್ಗರೆವ ಕುದಿ ಬೇಕಿಲ್ಲ. ಕುದಿಯುವ ಮಟ್ಟಕ್ಕೆ ಸ್ವಲ್ಪ ಕೆಳಗೆ, 90 ಡಿಗ್ರಿಯ ಆಸುಪಾಸಿನಲ್ಲಿ, ಎಲ್ಲೋ ಒಂದೊಂದು ಗುಳ್ಳೆ ಏಳುವಂತಿದ್ದರೆ ಸಾಕು. ಗಟ್ಟಿಯಾಗಿ ಕುದಿಸಿದರೆ ಕೊಬ್ಬು ಸಣ್ಣ ಹನಿಗಳಾಗಿ ಒಡೆದು ಸಾರಿನಲ್ಲಿ ಕಲೆಸಿಕೊಳ್ಳುತ್ತದೆ, ನಾಲಿಗೆಗೆ ಜಿಡ್ಡು ಹತ್ತುತ್ತದೆ.

ಇಲ್ಲೇ ದೊಡ್ಡ ಪಾತ್ರೆಯ ಮಹತ್ವ ತಿಳಿಯುವುದು. ಪಾತ್ರೆಯ ಉದ್ದ, ಅಗಲ, ಎತ್ತರ ಮೂರೂ ಎರಡರಷ್ಟಾದರೆ ಒಳಗೆ ಹಿಡಿಯುವ ನೀರು ಎಂಟರಷ್ಟಾಗುತ್ತದೆ. ಕಾವು ಸೋರಿಹೋಗುವ ಮೈ ಮಾತ್ರ ನಾಲ್ಕರಷ್ಟೇ ಬೆಳೆಯುತ್ತದೆ. ಅಂದರೆ ಪಾತ್ರೆ ದೊಡ್ಡದಾದಷ್ಟೂ ಒಂದೊಂದು ಲೀಟರ್ ನೀರು ಕಳೆದುಕೊಳ್ಳುವ ಕಾವು ಕಡಿಮೆ. ಅರ್ಧ ಗಂಟೆ ಕೆಂಡ ಮಂಕಾದರೂ ದೇಗಿನ ಸಾರು ಜಗ್ಗುವುದಿಲ್ಲ. ಮನೆಯ ಎರಡು ಲೀಟರಿನ ಪಾತ್ರೆ ಹಾಗಲ್ಲ. ಉರಿ ಸ್ವಲ್ಪ ಹೆಚ್ಚಾದರೆ ಉಕ್ಕುತ್ತದೆ, ಕಡಿಮೆಯಾದರೆ ತಣ್ಣಗಾಗುತ್ತದೆ, ಮರೆತರೆ ತಳ ಸೀಯುತ್ತದೆ. ತಾಮ್ರದ ದೇಗಾದರೆ ಇನ್ನೊಂದು ಅನುಕೂಲ ಇದೆ. ತಾಮ್ರ ಸ್ಟೀಲಿಗಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು ಚೆನ್ನಾಗಿ ಶಾಖ ಹರಿಸುತ್ತದೆ. ತಳದಲ್ಲಿ ಒಂದೇ ಕಡೆ ಬಿದ್ದ ಉರಿಯೂ ಇಡೀ ಹೊಟ್ಟೆಗೆ ಹರಡುತ್ತದೆ. ತಾಮ್ರ ದುಬಾರಿಯಾದ ಮೇಲೆ ಅಲ್ಯೂಮಿನಿಯಂ ದೇಗುಗಳೇ ಹೆಚ್ಚಾದವು. ಹಗುರ, ಅಗ್ಗ, ಶಾಖ ಹರಿಸುವುದರಲ್ಲೂ ಸ್ಟೀಲಿಗಿಂತ ಎಷ್ಟೋ ಮುಂದು. ಆದರೂ ಹಳೆಯ ಬಾಣಸಿಗರು ತಾಮ್ರದ ದೇಗನ್ನು ಮಾರಲು ಒಪ್ಪುವುದಿಲ್ಲ.

ದುಡ್ಡಿನ ಲೆಕ್ಕದಲ್ಲಿ ನೋಡಿದರೂ ಇದೇ ಮಾತು. ಕಾಲು ಅಗ್ಗ, ಮೂಳೆ ಇನ್ನೂ ಅಗ್ಗ. ದುಬಾರಿಯಾದದ್ದು ಸೌದೆ, ಗ್ಯಾಸು, ಹೊತ್ತು. ಒಂದು ಕೋಣೆಯ ಬಾಡಿಗೆ ಮನೆಯಲ್ಲಿ ನಾಲ್ಕು ಜನಕ್ಕೆಂದು ಐದಾರು ಗಂಟೆ ಒಲೆ ಉರಿಸಲು ಯಾರಿಗೆ ಸಾಧ್ಯ? ಬೆಳಗಿನ ಪಾಳಿಗೆ ಹೋಗುವ ಹೆಂಗಸು ರಾತ್ರಿಯೆಲ್ಲ ನೊರೆ ತೆಗೆಯುತ್ತಾ ಕೂರಲು ಆದೀತೆ? ಒಂದು ದೇಗಿನ ಮುಂದೆ ಒಬ್ಬ ರಾತ್ರಿ ಎದ್ದಿದ್ದರೆ ಇನ್ನೂರು ಮನೆಯವರು ಮಲಗಬಹುದು. ಶ್ರೀಮಂತರ ತಟ್ಟೆಗೆ ತೊಡೆಯ ಮಾಂಸ ಹೋದ ಮೇಲೆ ಉಳಿದದ್ದನ್ನು ಬಡವರ ಬಟ್ಟಲಿಗೆ ಅದಕ್ಕಿಂತ ರುಚಿಯಾಗಿ ತಲುಪಿಸುವ ಏರ್ಪಾಡು ಇದು. ಇದನ್ನು ಯಾವ ಸರ್ಕಾರವೂ ಯೋಜನೆ ಹಾಕಿ ಮಾಡಲಿಲ್ಲ. ಬೀದಿಯೇ ಮಾಡಿಕೊಂಡಿತು.

ಎಲುಬನ್ನು ಬಡವರ ಆಹಾರವಾಗಿಸಬೇಕು ಎಂದು ವಿಜ್ಞಾನಿಗಳೂ ತಲೆ ಕೆಡಿಸಿಕೊಂಡಿದ್ದರು. ಫ್ರಾನ್ಸಿನ ಡೆನಿ ಪಾಪಿನ್ ಲಂಡನ್ನಿನಲ್ಲಿದ್ದಾಗ, 1679ರಲ್ಲಿ, ಬಿಗಿ ಮುಚ್ಚಳದ ಒಂದು ಪಾತ್ರೆ ಮಾಡಿ ರಾಯಲ್ ಸೊಸೈಟಿಯ ವಿದ್ವಾಂಸರ ಮುಂದೆ ಇಟ್ಟ. ಒಳಗೆ ಹಬೆ ಒತ್ತಿಕೊಂಡು ಗಟ್ಟಿ ಎಲುಬೂ ಮೆತ್ತಗಾಗುತ್ತಿತ್ತು. ಒತ್ತಡ ಮಿತಿ ಮೀರದಂತೆ ಅವನು ಅದಕ್ಕೊಂದು ತೂಕದ ಕವಾಟವನ್ನೂ ಇಟ್ಟ. ನಮ್ಮ ಕುಕ್ಕರಿನ ವೆಯ್ಟ್ ಇದೆಯಲ್ಲ, ಅದರ ಮೂಲ ಅಲ್ಲಿದೆ. ಆ ಪಾತ್ರೆಯ ವಂಶದ ಕುಡಿ ಬೆಳೆದದ್ದು ನಮ್ಮ ಊರಿನ ಪೂರ್ವದ ತುದಿಯಲ್ಲೇ. ಹಳೆ ಮದರಾಸು ರಸ್ತೆಯಲ್ಲಿ, ಕೆ.ಆರ್. ಪುರಕ್ಕೆ ಹೋಗುವ ದಾರಿಯ ದೂರವಾಣಿನಗರದಲ್ಲಿ, 1948ರಲ್ಲಿ ಶುರುವಾದ ಐಟಿಐ ಕಾರ್ಖಾನೆಯ ನೆರೆಯಲ್ಲಿ ಪ್ರೆಸ್ಟೀಜ್ ಕುಕ್ಕರ್ ತಯಾರಾಗುತ್ತಿತ್ತು. ದಕ್ಷಿಣದ ಎಷ್ಟೋ ಮನೆಗಳಿಗೆ ಮೊದಲ ಕುಕ್ಕರ್ ಹೋದದ್ದು ಆ ರಸ್ತೆಯಿಂದ. 15 ಪೌಂಡ್ ಒತ್ತಡದಲ್ಲಿ ನೀರಿನ ಶಾಖ 120 ಡಿಗ್ರಿ ಮುಟ್ಟುತ್ತದೆ. ಗಂಟೆಗಳ ಕೆಲಸ ಮುಕ್ಕಾಲು ಗಂಟೆಗೆ ಮುಗಿಯುತ್ತದೆ. ಕೂಲಿ ಮಾಡುವ ಮನೆಯ ಹೆಂಗಸಿಗೆ ಇದು ಸಣ್ಣ ಉಪಕಾರವಲ್ಲ. ಕುಕ್ಕರಿನ ಸೂಪನ್ನು ಹಳಿಯುವವರ ಸಾಲಿಗೆ ನಾನು ಸೇರುವುದಿಲ್ಲ. ಅದರ ಮುಚ್ಚಳ ಒಮ್ಮೆ ಬಿಗಿದರೆ ನೊರೆ ತೆಗೆಯಲು, ರುಚಿ ನೋಡಲು, ಉಪ್ಪು ತಿದ್ದಲು ದಾರಿಯಿಲ್ಲ ಎನ್ನುವುದಷ್ಟೇ ನನ್ನ ತಕರಾರು. ಇನ್ನೂರು ಜನಕ್ಕಂತೂ ಅದು ಆಗುವ ಮಾತಲ್ಲ.

ದೊಡ್ಡ ಪಾತ್ರೆ ಎಂದರೆ ಹಬ್ಬವೇ ನೆನಪಾಗುತ್ತದೆ. ಅದರ ಚರಿತ್ರೆಯಲ್ಲಿ ಹಸಿವಿನ ಪುಟಗಳೂ ಇವೆ. ಐರ್ಲೆಂಡಿನ ಬರದಲ್ಲಿ, 1847ರಲ್ಲಿ, ಅಲೆಕ್ಸಿ ಸೋಯೆ ಎಂಬ ಹೆಸರಾಂತ ಬಾಣಸಿಗ ಡಬ್ಲಿನ್ನಿನಲ್ಲಿ 300 ಗ್ಯಾಲನ್ನಿನ ಕೊಪ್ಪರಿಗೆ ಹೂಡಿ ಸೂಪು ಕಾಯಿಸಿ ಹಂಚಿದ. ನಮ್ಮಲ್ಲಿ ಅದಕ್ಕಿಂತ ಭೀಕರವಾದದ್ದು 1876–78ರ ಧಾತು ಈಶ್ವರ ಬರ. ಮೈಸೂರು ಸಂಸ್ಥಾನದಲ್ಲಿ 1871ರ ಜನಗಣತಿಯಂತೆ 50 ಲಕ್ಷ ದಾಟಿದ್ದ ಜನ 1881ರ ಗಣತಿಗೆ 42 ಲಕ್ಷಕ್ಕೆ ಇಳಿದಿದ್ದರು. ಬೆಂಗಳೂರಿನ ಪೇಟೆ ಮತ್ತು ದಂಡು (ಕಂಟೋನ್ಮೆಂಟ್) ಎರಡೂ ಕಡೆ ಹಳ್ಳಿಗಳಿಂದ ನಡೆದು ಬಂದವರಿಗೆ ಗಂಜಿ ಕಾಯಿಸಿ ಹಾಕಿದರು. ದಂಡಿನ ವ್ಯಾಪಾರಿ ಆರ್ಕಾಟ್ ನಾರಾಯಣಸ್ವಾಮಿ ಮೊದಲಿಯಾರರ ಹೆಸರು ಆ ಅನ್ನದಾನದ ಜೊತೆ ಸೇರಿಕೊಂಡಿದೆ. 1873ರಲ್ಲಿ ಅವರು ತೆರೆದ ಶಾಲೆ ಹಲಸೂರಿನ ಕಡೆ ಆರ್‌ಬಿಎಎನ್‌ಎಂ ಎಂಬ ಹೆಸರಿನಲ್ಲಿ ಇವತ್ತೂ ನಡೆಯುತ್ತಿದೆ. ಬರದ ಆ ದಿನಗಳಲ್ಲಿ ಊರು ಉಳಿದದ್ದು ಹಂಡೆಗಳಿಂದ.

ಆ ಹಂಡೆಗಳ ಮನೆತನ ಇನ್ನೂ ಅಳಿದಿಲ್ಲ. ಹಲಸೂರು ಕೆರೆಯ ದಂಡೆಯ ಗುರುದ್ವಾರದಲ್ಲಿ ಲಂಗರಿನ (ಎಲ್ಲರಿಗೂ ಹಾಕುವ ಉಚಿತ ಊಟದ) ದಾಲ್ ಬೇಯುವುದು ಇಂಥದೇ ಪಾತ್ರೆಯಲ್ಲಿ, ಇಂಥದೇ ಸಣ್ಣ ಉರಿಯಲ್ಲಿ. ರಂಜಾನಿನ ಸಂಜೆ ದಂಡಿನ ತಮಿಳು ಮುಸ್ಲಿಮರ ಮಸೀದಿಗಳಲ್ಲಿ ನೋಂಬು ಗಂಜಿಯ ಹಂಡೆಯ ಮುಂದೆ ತೂಕುಪಾತ್ರೆ ಹಿಡಿದ ಮಕ್ಕಳ ಸಾಲು ಕಾಣುತ್ತದೆ. ಯಾವ ಮನೆಯ ಮಗು ಎಂದು ಅಲ್ಲಿ ಕೇಳುವುದಿಲ್ಲ.

ಮಾಂಸ ಮುಟ್ಟದವರೂ ಈ ವಿದ್ಯೆಗೆ ಹೊರಗಿನವರಲ್ಲ. ಹೋಳಿಗೆಗೆ ಬೇಳೆ ಬೇಯಿಸಿ ಬಸಿದ ಕಟ್ಟು, ಬಸ್ಸಾರಿಗೆ ಸೊಪ್ಪು ಕಾಳು ಬೇಯಿಸಿ ಬಸಿದ ನೀರು, ಹುರುಳಿಕಟ್ಟು ಇವೆಲ್ಲ ಇದೇ ಜಾತಿಯವು. ಬೆಂದದ್ದು ಒಂದು ಕಡೆಗೆ, ಅದರ ಸತ್ವ ಇಳಿದ ನೀರು ಇನ್ನೊಂದು ಕಡೆಗೆ, ಎರಡರಲ್ಲಿ ಯಾವುದನ್ನೂ ಚೆಲ್ಲಬಾರದು ಎನ್ನುವುದು ನಮ್ಮ ಅಜ್ಜಿಯರ ಕಟ್ಟುನಿಟ್ಟು. ಹುರುಳಿಕಟ್ಟನ್ನು ಮಣ್ಣಿನ ಗಡಿಗೆಯಲ್ಲಿ ದಿನಾ ಕುದಿಸಿ ಇಡುತ್ತಿದ್ದ ಮನೆಗಳಿದ್ದವು. ಮರುದಿನಕ್ಕೆ ರುಚಿ ಏರುತ್ತಿತ್ತು.

ಒಂದು ವಿಷಯ ಸ್ಪಷ್ಟವಾಗಿ ಹೇಳಬೇಕು. ಮೂಳೆ ಮುರಿದವರಿಗೆ, ಬಾಣಂತಿಯರಿಗೆ, ಜ್ವರ ಬಿಟ್ಟವರಿಗೆ ಕಾಲು ಸೂಪು ಕೊಡಿ ಎನ್ನುವ ಮಾತು ನಮ್ಮಲ್ಲಿ ಹಳೆಯದು. ಬಿಸಿ, ನೀರು, ಉಪ್ಪು, ಸುಲಭವಾಗಿ ಇಳಿಯುವ ಆಹಾರ ಬೇಕಾದವರಿಗೆ ಅದು ನಿಜಕ್ಕೂ ಒಳ್ಳೆಯದು. ಆದರೆ ಎಲುಬಿನ ಕ್ಯಾಲ್ಸಿಯಂ ನೀರಿಗೆ ಇಳಿದು ನಮ್ಮ ಎಲುಬಿಗೆ ಸೇರುತ್ತದೆ ಎಂಬುದು ತಪ್ಪು ನಂಬಿಕೆ. ಎಷ್ಟು ಹೊತ್ತು ಕುದಿಸಿದರೂ ಸೂಪಿಗೆ ಇಳಿಯುವ ಕ್ಯಾಲ್ಸಿಯಂ ತೀರಾ ಕಡಿಮೆ. ಜೆಲಟಿನ್ ಕೂಡ ಪೂರ್ಣ ಪ್ರೋಟೀನಲ್ಲ, ದೇಹಕ್ಕೆ ಬೇಕೇಬೇಕಾದ ಟ್ರಿಪ್ಟೊಫಾನ್ ಅದರಲ್ಲಿಲ್ಲ. ನಮ್ಮ ಕಡೆಯ ಊಟ ಇಲ್ಲಿ ಜಾಣತನದ್ದು. ಕಾಲು ಸಾರಿನ ಪಕ್ಕ ರಾಗಿಮುದ್ದೆ ಇರುತ್ತದೆ. 100 ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂ ಆಸುಪಾಸು ಕ್ಯಾಲ್ಸಿಯಂ ಇದೆ. ಮೂಳೆಗೆ ಬಲ ಬರುವುದು ಮುದ್ದೆಯಿಂದ, ಮುದ್ದೆ ಗಂಟಲಲ್ಲಿ ಇಳಿಯುವುದು ಸಾರಿನಿಂದ. ರೋಗಿಗೆ ಬರೀ ಸೂಪು ಕುಡಿಸಿ ಹೊಟ್ಟೆ ತುಂಬಿತೆಂದು ಸುಮ್ಮನಾಗಬೇಡಿ.

ಇನ್ನು ಕಲಾಯಿಯ ಮಾತು. ತಾಮ್ರದ ದೇಗಿನಲ್ಲಿ ಹುಣಸೆ, ಟೊಮೆಟೊ, ನಿಂಬೆಯ ಹುಳಿ ಗಂಟೆಗಟ್ಟಲೆ ಕುದಿದರೆ ತಾಮ್ರ ಸಾರಿಗೆ ಬಿಡುತ್ತದೆ. ವಾಂತಿ, ಹೊಟ್ಟೆನೋವು ಬರಬಹುದು. ಅದನ್ನು ತಡೆಯುವುದು ಒಳಗಿನ ತೆಳು ತವರದ ಲೇಪ. ಕಲಾಯಿಗಾರ ಕೆಲಸ ಮಾಡುವುದನ್ನು ನಿಂತು ನೋಡಬೇಕು. ಪಾತ್ರೆಯನ್ನು ಕೆಂಡದ ಮೇಲಿಟ್ಟು ತಿದಿಯಿಂದ ಗಾಳಿ ಊದುತ್ತಾನೆ. ಹತ್ತಿಯ ಉಂಡೆಯಿಂದ ನವಸಾಗರದ ಪುಡಿ ಉಜ್ಜಿದ ಕೂಡಲೇ ದಟ್ಟ ಬಿಳಿ ಹೊಗೆ ಎದ್ದು ತಾಮ್ರ ಕೆಂಪಗೆ ಹೊಳೆಯುತ್ತದೆ. ಆ ಕ್ಷಣದಲ್ಲೇ ತವರದ ಕಡ್ಡಿ ತಾಗಿಸಬೇಕು. 232 ಡಿಗ್ರಿಗೆ ಕರಗುವ ತವರ ಮುಟ್ಟಿದೊಡನೆ ನೀರಾಗುತ್ತದೆ, ಹತ್ತಿಯಿಂದ ಸರಸರನೆ ಸವರಿದರೆ ಬೆಳ್ಳಗೆ ಹರಡುತ್ತದೆ. ಒಂದು ಚಣ ತಡವಾದರೆ ಗಂಟು ಕಟ್ಟುತ್ತದೆ, ಒಂದು ಚಣ ಬೇಗವಾದರೆ ಹಿಡಿಯುವುದಿಲ್ಲ. ಈ ಕೈಗಳು ಕಡಿಮೆಯಾಗುತ್ತಿವೆ. ಜೊತೆಗೆ ತವರ ದುಬಾರಿಯೆಂದು ಸೀಸ ಬೆರೆಸಿದ ಕಡ್ಡಿ ಬಳಸಿದರೆ ಆ ಸೀಸ ಮೆಲ್ಲಗೆ ಮಕ್ಕಳ ಮೈ ಸೇರುತ್ತದೆ. ಮಕ್ಕಳ ಬುದ್ಧಿಯ ಬೆಳವಣಿಗೆಗೆ ಅದರಷ್ಟು ಕೆಟ್ಟದ್ದು ಕಡಿಮೆ.

ದೊಡ್ಡ ಪಾತ್ರೆಯ ಗುಣವೇ ಅದರ ಅಪಾಯವೂ ಹೌದು. ಬೇಗ ಆರದು. ಉರಿ ಆರಿಸಿ ರಾತ್ರಿ ಹಾಗೇ ಬಿಟ್ಟರೆ ನಡುವಿನ ಸಾರು ಗಂಟೆಗಟ್ಟಲೆ ಉಗುರುಬೆಚ್ಚಗೇ ಇರುತ್ತದೆ. ಕುದಿಗೂ ಸಾಯದ ಬೀಜಕಗಳಿರುವ ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ಎಂಬ ಬ್ಯಾಕ್ಟೀರಿಯಾ ಬೆಳೆಯಲು ಅದಕ್ಕಿಂತ ಹದವಾದ ಜಾಗ ಬೇಕಿಲ್ಲ. ಮದುವೆ, ಜಾತ್ರೆಗಳ ಮರುದಿನದ ಹೊಟ್ಟೆನೋವಿಗೆ ಅನೇಕ ಸಲ ಇದೇ ಕಾರಣ. ನುರಿತ ಪಾಯಾದವರು ದೇಗನ್ನು ಕೆಂಡದ ಮೇಲೆ 60 ಡಿಗ್ರಿಗಿಂತ ಕೆಳಗಿಳಿಯದಂತೆ ಇಡುತ್ತಾರೆ, ಅಥವಾ ಬೆಳಗಿನೊಳಗೆ ಖಾಲಿ ಮಾಡುತ್ತಾರೆ. ಉಳಿಸಲೇಬೇಕಾದರೆ ಅಗಲವಾದ ಸಣ್ಣ ಪಾತ್ರೆಗಳಿಗೆ ಹಂಚಿ ಬೇಗ ತಣಿಸಿ ಫ್ರಿಜ್ಜಿಗೆ ಇಡಬೇಕು. ಮನೆಯಲ್ಲಿ ಕಾರ್ಯಕ್ರಮ ಮಾಡುವವರಿಗೂ ಇದೇ ಮಾತು.

ರಸೆಲ್ ಮಾರುಕಟ್ಟೆ 1933ರಲ್ಲಿ ಬಾಗಿಲು ತೆರೆದದ್ದು. 2012ರ ಬೆಂಕಿಯಲ್ಲಿ ಬೆಂದು ಮತ್ತೆ ಎದ್ದು ನಿಂತಿದೆ. ಈಗ ಅದರ ಸುತ್ತಲ ಬೀದಿಗಳನ್ನು ಹೊಸದು ಮಾಡುವ ಮಾತು, ನೆಲದಡಿಯ ಮೆಟ್ರೊ, ಅಗಲವಾದ ಕಾಲುದಾರಿ ಎಲ್ಲವೂ ಬರುತ್ತಿವೆ. ಬರಲಿ, ಬರಬೇಕು. ಆದರೆ ಬೀದಿ ಚೊಕ್ಕ ಮಾಡುವ ನೆಪದಲ್ಲಿ ಮೊದಲು ಎತ್ತಿ ಲಾರಿಗೆ ಹಾಕುವುದು ಭಟ್ಟಿಯನ್ನೇ. ಪಾಲಿಕೆಯವರಲ್ಲಿ ನನ್ನ ಕೋರಿಕೆ ಇಷ್ಟು. ದೇಗ್ ಇಡುವವರಿಗೆ ಹೊಗೆ ಮೇಲೆ ಹೋಗುವ ಕೊಳವೆ, ಕೊಬ್ಬು ಚರಂಡಿಗೆ ಹೋಗದಂತೆ ತಡೆಯುವ ಗುಂಡಿ, ಶುದ್ಧ ನೀರಿನ ನಲ್ಲಿ ಕೊಡಿ. ತಲೆಕಾಲು ಸುಡುವವರಿಗೆ ನೆರಳು, ಗಾಳಿಯಾಡುವ ಒಂದು ಸಾಲು ಕಟ್ಟೆ ಕಟ್ಟಿಸಿ. ಕಲಾಯಿಗಾರರಿಗೆ ಮಾರುಕಟ್ಟೆಯಲ್ಲೇ ಒಂದು ಮೂಲೆ ಮೀಸಲಿಟ್ಟು, ಅವರು ಬಳಸುವ ತವರವನ್ನು ವರ್ಷಕ್ಕೊಮ್ಮೆಯಾದರೂ ಪರೀಕ್ಷೆ ಮಾಡಿಸಿ. ಓದುಗರಲ್ಲೂ ಒಂದು ವಿನಂತಿ. ಶಿವಾಜಿನಗರಕ್ಕೆ ಬೆಳಗಿನ ಜಾವ ಹೋದಾಗ ಬಟ್ಟಲು ಕೈಗೆ ತೆಗೆದುಕೊಳ್ಳುವ ಮೊದಲು ದೇಗಿನೊಳಗೆ ಒಮ್ಮೆ ಇಣುಕಿ ನೋಡಿ. ಕಲಾಯಿ ಬೆಳ್ಳಗಿದ್ದರೆ ನೆಮ್ಮದಿಯಾಗಿ ಕುಡಿಯಿರಿ. ತಾಮ್ರದ ಕೆಂಪು ಕಂಡರೆ ಅಂಗಡಿಯವರಿಗೆ ಮೆಲ್ಲಗೆ ಹೇಳಿ, ಕಲಾಯಿ ಹಾಕಿಸಿ ಭಾಯಿ ಎಂದು.